ಯಾರಾದಾರು ಮುಂದಿನ ಅಧ್ಯಕ್ಷರು?

ಮಕ್ಕಳೇ, ಈ ವರ್ಷ ನಮ್ಮ ತರಗತಿಯಲ್ಲಿ ಒಂದು ವ್ಯಾಕರಣ ಪಾಠ ದಾರಿ ತಪ್ಪಿತು. ಹಾಗೆ ದಾರಿ ತಪ್ಪಿದ ಪಾಠಗಳೇ ಹೆಚ್ಚು ದಿನ ನೆನಪಿರುತ್ತವೆ. ಆದ್ದರಿಂದ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನ ಮಕ್ಕಳಿಗೆ ಇದರಲ್ಲಿ ಅವರವರ ಊರಿನ ಕಥೆ ಸಿಗುತ್ತದೆ. ಅಪ್ಪ ಅಮ್ಮಂದಿರೂ ಜೊತೆಗೆ ಕೂತು ಓದಿ, ಕೊನೆಯಲ್ಲಿ ನಿಮಗೂ ಮನೆಗೆಲಸ ಇದೆ.

ಆ ಪಾಠದ ಹೆಸರು ‘ಸಂಭಾವನಾರ್ಥಕ ಕ್ರಿಯಾಪದ’. ಹೆಸರು ಕೇಳಿ ಓಡಿಹೋಗಬೇಡಿ. (“ಸಂಭಾವನೆ ಅಂದ್ರೆ ಪುರೋಹಿತರಿಗೆ ಕೊಡೋ ದುಡ್ಡು ಅಂತ ನಮ್ಮಪ್ಪ ಹೇಳಿದ್ರು” ಅಂದಳು ಒಬ್ಬ ಹುಡುಗಿ. ಅದೂ ಸರಿ. ಆದರೆ ವಾರಾಂತ್ಯದ ಶಾಲೆಯಲ್ಲಿ ಪಾಠ ಹೇಳುವವರಿಗೆ ಆ ಅರ್ಥದ ಸಂಭಾವನೆ ಗೊತ್ತೇ ಇಲ್ಲ!) ಇಲ್ಲಿ ಸಂಭಾವನೆ ಅಂದರೆ ಸಾಧ್ಯತೆ, ಊಹೆ. ಅಜ್ಜಿ ಫೋನಿನಲ್ಲಿ “ಮೋಡ ಆಗಿದೆ, ಮಳೆ ಬಂದೀತು” ಅನ್ನುತ್ತಾರಲ್ಲ, “ಓಡಬೇಡ್ವೋ, ಬಿದ್ದೀಯ” ಅಂತ ಗದರುತ್ತಾರಲ್ಲ, ಆ ‘ಬಂದೀತು’, ಆ ‘ಬಿದ್ದೀಯ’ ಇವೇ ಸಂಭಾವನಾರ್ಥಕ. ಬಂದೇ ಬರುತ್ತದೆ ಅಂತಲ್ಲ, ಬರುವುದಿಲ್ಲ ಅಂತಲೂ ಅಲ್ಲ. ಬಂದರೆ ಬರಬಹುದು.

ನಾನು ಬೋರ್ಡಿನ ಮೇಲೆ ‘ಮಳೆ ಬಂದೀತು’ ಎಂದು ಬರೆದೆ. ಆಗಸ್ಟ್ ತಿಂಗಳು, ಹೊರಗೆ ನೂರು ಡಿಗ್ರಿ ಬಿಸಿಲು. ಹಿಂದಿನ ಸಾಲಿನ ಹುಡುಗ ಕಿಟಕಿ ಕಡೆ ನೋಡಿ, “ಟೀಚರ್, ಬರಲ್ಲ. ಬೇರೆ ಏನಾದ್ರೂ ಊಹೆ ಮಾಡೋಣ. 2028ರಲ್ಲಿ ಯಾರು ಪ್ರೆಸಿಡೆಂಟ್ ಆಗ್ತಾರೆ?” ಅಂದ.

ಸರಿ, ಅದೇ ಆಗಲಿ ಅಂದೆ. ಪಾಠ ದಾರಿ ತಪ್ಪಿದ್ದು ಅಲ್ಲೇ.

ಮೊದಲು ಒಂದು ಪದ ತಿಳಿದುಕೊಳ್ಳಿ. ಅಮೆರಿಕದ ಪ್ರೆಸಿಡೆಂಟ್‌ಗೆ ನಾವು ‘ಅಧ್ಯಕ್ಷ’ ಅನ್ನುತ್ತೇವೆ, ಭಾರತದವರಿಗೆ ‘ರಾಷ್ಟ್ರಪತಿ’. ಕನ್ನಡ ಸಂಘಕ್ಕೂ ಅಧ್ಯಕ್ಷರೇ. ಅಮೆರಿಕದ ಅಧ್ಯಕ್ಷರಾಗಲು ಜನ ಕೋಟಿಗಟ್ಟಲೆ ಡಾಲರ್ ಖರ್ಚು ಮಾಡುತ್ತಾರೆ. ಸಂಘದ ಅಧ್ಯಕ್ಷರಾಗಿ ಅಂದರೆ ಮಾತ್ರ ಎಲ್ಲರಿಗೂ ಇದ್ದಕ್ಕಿದ್ದ ಹಾಗೆ ಕಾರಿನ ಹತ್ತಿರ ಏನೋ ಕೆಲಸ ನೆನಪಾಗುತ್ತದೆ.

ಈಗ ‘ಗೆಲ್ಲು’ ಧಾತುವನ್ನು ತೆಗೆದುಕೊಳ್ಳಿ. ನಾನು ಗೆದ್ದೇನು, ನಾವು ಗೆದ್ದೇವು. ನೀನು ಗೆದ್ದೀಯೆ, ನೀವು ಗೆದ್ದೀರಿ. ಅವನು ಗೆದ್ದಾನು, ಅವಳು ಗೆದ್ದಾಳು, ಅವರು ಗೆದ್ದಾರು, ಅದು ಗೆದ್ದೀತು. ‘ಆಗು’ ಆದರೆ ಆದೇನು, ಆದಾನು, ಆದಾಳು, ಆದಾರು, ಆದೀತು. ‘ನಿಲ್ಲು’ ಆದರೆ ನಿಂತೇನು, ನಿಂತಾನು, ನಿಂತಾಳು. ಜೋರಾಗಿ ಓದಿಕೊಳ್ಳಿ, ಕಿವಿಗೆ ಬಿದ್ದರೆ ಬೇಗ ಬರುತ್ತದೆ.

ಇಲ್ಲಿ ಒಂದು ಅಪಾಯ ಇದೆ. ‘ಗೆದ್ದಾನೆ’ ಅಂದರೆ ಗೆದ್ದು ಆಯಿತು, ಮುಗಿಯಿತು. ‘ಗೆದ್ದಾನು’ ಅಂದರೆ ಗೆಲ್ಲಬಹುದು, ಇನ್ನೂ ಗೊತ್ತಿಲ್ಲ. ಕೊನೆಯ ಒಂದೇ ಸ್ವರ. ಅದು ತಪ್ಪಿದರೆ ಫಲಿತಾಂಶವೇ ತಪ್ಪಿಹೋಗುತ್ತದೆ. ಪರೀಕ್ಷೆಯಲ್ಲಿ ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಇಲ್ಲಿ ಮುಗ್ಗರಿಸಿದ್ದಾರೆ. 1948ರಲ್ಲಿ ಎಲ್ಲರೂ ಡ್ಯೂಯಿ ಗೆದ್ದಾರು ಅಂದುಕೊಂಡಿದ್ದರು. ‘ಷಿಕಾಗೋ ಡೈಲಿ ಟ್ರಿಬ್ಯೂನ್’ ಪತ್ರಿಕೆ ಮತ ಎಣಿಕೆ ಮುಗಿಯುವ ಮೊದಲೇ ಡ್ಯೂಯಿ ಟ್ರೂಮನ್‌ರನ್ನು ಸೋಲಿಸಿದ್ದಾರೆ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಬಿಟ್ಟಿತು. ಗೆದ್ದದ್ದು ಟ್ರೂಮನ್. ಆ ಪತ್ರಿಕೆಯನ್ನು ಎತ್ತಿ ಹಿಡಿದು ಟ್ರೂಮನ್ ನಗುತ್ತಿರುವ ಫೋಟೋ ನಿಮ್ಮ ಶಾಲೆಯ ಇತಿಹಾಸದ ಪುಸ್ತಕದಲ್ಲಿ ಇದ್ದೀತು, ನೋಡಿ.

ಅದು ಹಳೆಯ ಕಾಲ, ಈಗ ಕಂಪ್ಯೂಟರ್ ಇದೆ ಅನ್ನುತ್ತೀರಾ? ಆಸ್ಟಿನ್ ಮಕ್ಕಳೇ, ನಿಮ್ಮ ಊರಿನಲ್ಲೇ 2000ನೇ ಇಸವಿಯ ನವೆಂಬರ್ 7ರ ರಾತ್ರಿ ಏನಾಯಿತು ಕೇಳಿ. ಟೆಕ್ಸಾಸಿನ ಗವರ್ನರ್ ಜಾರ್ಜ್ ಡಬ್ಲ್ಯೂ. ಬುಷ್ ಅಧ್ಯಕ್ಷ ಪದವಿಗೆ ನಿಂತಿದ್ದರು. ಕ್ಯಾಪಿಟಲ್ ಕಟ್ಟಡದ ಎದುರು ಸಾವಿರಾರು ಜನ ಚಳಿ ಮಳೆಯಲ್ಲಿ ನೆನೆಯುತ್ತ ನಿಂತಿದ್ದರು. ಟೀವಿಯವರು ಮೊದಲು ಫ್ಲಾರಿಡಾದಲ್ಲಿ ಆಲ್ ಗೋರ್ ಗೆದ್ದಿದ್ದಾರೆ ಅಂದರು. ಸ್ವಲ್ಪ ಹೊತ್ತಿಗೆ ಇಲ್ಲ, ಹೇಳಲಾಗದು ಅಂದರು. ನಡುರಾತ್ರಿ ದಾಟಿದ ಮೇಲೆ ಬುಷ್ ಗೆದ್ದಿದ್ದಾರೆ ಅಂದರು. ಗೋರ್ ಫೋನ್ ಮಾಡಿ ಅಭಿನಂದನೆಯನ್ನೂ ಹೇಳಿದರು. ಆಮೇಲೆ ಇನ್ನೊಮ್ಮೆ ಫೋನ್ ಮಾಡಿ ಆ ಮಾತು ವಾಪಸ್ ತೆಗೆದುಕೊಂಡರು! ಟೀವಿಯವರೂ ಮತ್ತೆ ‘ಗೆದ್ದಾರೆ’ಯಿಂದ ‘ಗೆದ್ದಾರು’ಗೆ ಇಳಿದರು. ಕೊನೆಗೆ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು ಡಿಸೆಂಬರ್ 12ಕ್ಕೆ. ಫ್ಲಾರಿಡಾದಲ್ಲಿ ಇಬ್ಬರ ನಡುವೆ ಇದ್ದ ಅಂತರ ಬರೀ 537 ಮತ.

ಇನ್ನು ನಮ್ಮ ತರಗತಿಯ ಊಹೆಗೆ ಬರೋಣ. ಮೊದಲೇ ಒಂದು ನಿಯಮ ಹೇಳಿದ್ದೆ. ನಮ್ಮದು ಲಾಭರಹಿತ ಸಂಸ್ಥೆ. ಇಂಥ ಸಂಸ್ಥೆಗಳು ಯಾವ ಅಭ್ಯರ್ಥಿಯ ಪರವಾಗಿಯೂ ವಿರುದ್ಧವಾಗಿಯೂ ಪ್ರಚಾರ ಮಾಡಬಾರದು ಎಂದು ಅಮೆರಿಕದ ತೆರಿಗೆ ಕಾನೂನೇ ಹೇಳುತ್ತದೆ. ಆದ್ದರಿಂದ ಯಾರು ಗೆಲ್ಲಬೇಕು ಅನ್ನುವುದು ಮನೆಯ ಮಾತು, ಯಾರು ನಿಂತಾರು ಅನ್ನುವುದಷ್ಟೇ ಶಾಲೆಯ ಮಾತು.

ಮಕ್ಕಳು ಹೇಳಿದ ಹೆಸರುಗಳನ್ನೆಲ್ಲ ಬೋರ್ಡಿನ ಮೇಲೆ ಬರೆದೆ. ಈಗಿನ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್, ಮಾರ್ಕೊ ರೂಬಿಯೊ, ನಮ್ಮ ಹ್ಯೂಸ್ಟನ್ನಿನ ಸೆನೆಟರ್ ಟೆಡ್ ಕ್ರೂಝ್. ಆ ಕಡೆಯಿಂದ ಗವಿನ್ ನ್ಯೂಸಮ್, ಪೀಟ್ ಬೂಟಿಜೆಜ್, ಜಾಶ್ ಶಪೀರೊ, ಗ್ರೆಚೆನ್ ವಿಟ್ಮರ್, ಮತ್ತೊಮ್ಮೆ ಕಮಲಾ ಹ್ಯಾರಿಸ್, ಭಾರತೀಯ ಮೂಲದ ರೋ ಖನ್ನಾ. ಇವೆಲ್ಲ ಪತ್ರಿಕೆಗಳಲ್ಲಿ ಓಡಾಡುವ ಹೆಸರುಗಳು. ಅಷ್ಟಕ್ಕೇ ಮಕ್ಕಳು ಬಿಡುತ್ತಾರೆಯೇ? ಹ್ಯೂಸ್ಟನ್ನಿನಲ್ಲಿ ಹುಟ್ಟಿದ ಬಿಯಾನ್ಸೆ ಬಂದಳು. ಫುಟ್‌ಬಾಲ್ ಆಡುವ ಪ್ಯಾಟ್ರಿಕ್ ಮಹೋಮ್ಸ್, ಯೂಟ್ಯೂಬಿನ ಮಿಸ್ಟರ್‌ಬೀಸ್ಟ್, ಈಲಾನ್ ಮಸ್ಕ್ ಬಂದರು. ಒಬ್ಬ ತನ್ನ ಹೆಸರನ್ನೇ ಬರೆಸಿದ.

ಬೋರ್ಡ್ ತುಂಬಿದ ಮೇಲೆ “ಈಗ ಅಳಿಸೋಣ” ಅಂದೆ. ಯಾರು ಗೆದ್ದಾರು ಅನ್ನುವುದು ಊಹೆ, ಆದರೆ ಯಾರು ನಿಲ್ಲಬಹುದು ಅನ್ನುವುದಕ್ಕೆ ಸಂವಿಧಾನದಲ್ಲಿ ಬರೆದ ಲೆಕ್ಕವೇ ಇದೆ. ಒಬ್ಬರು ಎರಡು ಸಲಕ್ಕಿಂತ ಹೆಚ್ಚು ಅಧ್ಯಕ್ಷರಾಗಿ ಆಯ್ಕೆಯಾಗುವಂತಿಲ್ಲ, ಇದು 1951ರಲ್ಲಿ ಬಂದ 22ನೇ ತಿದ್ದುಪಡಿ. ಅಧ್ಯಕ್ಷರಾಗುವವರಿಗೆ 35 ವರ್ಷ ತುಂಬಿರಬೇಕು. 14 ವರ್ಷ ಈ ದೇಶದಲ್ಲಿ ವಾಸವಾಗಿರಬೇಕು. ಹುಟ್ಟಿನಿಂದಲೇ ಅಮೆರಿಕದ ಪ್ರಜೆಯಾಗಿರಬೇಕು. ಕಾಲೇಜು ಓದಿರಬೇಕು, ದುಡ್ಡಿರಬೇಕು ಅಂತ ಎಲ್ಲೂ ಇಲ್ಲ.

1998ರಲ್ಲಿ ಹುಟ್ಟಿದ ಮಿಸ್ಟರ್‌ಬೀಸ್ಟ್‌ಗೆ 2028ರಲ್ಲಿ ಮೂವತ್ತೇ ವರ್ಷ, ಅಳಿಸಿದೆವು. 1995ರಲ್ಲಿ ಹುಟ್ಟಿದ ಮಹೋಮ್ಸ್‌ಗೆ ಮೂವತ್ತಮೂರು, ಅಳಿಸಿದೆವು. ಬಿಯಾನ್ಸೆ ಉಳಿದಳು! ಇಡೀ ತರಗತಿ ಚಪ್ಪಾಳೆ.

ತನ್ನ ಹೆಸರು ಬರೆಸಿದವನಿಗೆ ಲೆಕ್ಕ ಕೊಟ್ಟೆ, ನೀವೂ ಮಾಡಿ. ಅಧ್ಯಕ್ಷರ ಅಧಿಕಾರ ಶುರುವಾಗುವುದು ಚುನಾವಣೆಯ ಮುಂದಿನ ಜನವರಿ 20ಕ್ಕೆ. ಆ ದಿನ 35 ತುಂಬಿದ್ದರೆ ಸಾಕು ಎಂದೇ ಸಾಮಾನ್ಯವಾಗಿ ಅರ್ಥ ಮಾಡುತ್ತಾರೆ. ಜೋ ಬೈಡನ್ ಸೆನೆಟರ್ ಆಗಿ ಗೆದ್ದಾಗ ಅವರಿಗೆ 29, ಬೇಕಾದ ವಯಸ್ಸು 30. ಗೆದ್ದ ಎರಡು ವಾರದೊಳಗೆ ಹುಟ್ಟುಹಬ್ಬ ಬಂತು, ಜನವರಿಯಲ್ಲಿ ಪ್ರಮಾಣವಚನ ತೆಗೆದುಕೊಳ್ಳುವಾಗ ಮೂವತ್ತಾಗಿತ್ತು. ಹಾಗಾದರೆ 2014ರ ಜನವರಿ 5ರಂದು ಹುಟ್ಟಿದ ಮಗು 2048ರ ಚುನಾವಣೆಗೇ ನಿಲ್ಲಬಹುದು. ಅದೇ ವರ್ಷ ಮಾರ್ಚ್‌ನಲ್ಲಿ ಹುಟ್ಟಿದ ಮಗು 2052ರ ತನಕ ಕಾಯಬೇಕು. ಎರಡು ತಿಂಗಳು ತಡವಾಗಿ ಹುಟ್ಟಿದ್ದಕ್ಕೆ ನಾಲ್ಕು ವರ್ಷ! ನಿಮ್ಮ ಸರದಿ ಯಾವಾಗ, ಲೆಕ್ಕ ಹಾಕಿ.

ಮೂರನೆಯ ಷರತ್ತಿಗೆ ಬಂದಾಗ ಬೋರ್ಡಿನ ಮೇಲೆ ಈಲಾನ್ ಮಸ್ಕ್ ಹೆಸರಿತ್ತು. ಅವರು ಹುಟ್ಟಿದ್ದು ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ, ಅಮೆರಿಕದ ಪ್ರಜೆಯಾದದ್ದು ಆಮೇಲೆ. ಎಷ್ಟು ರಾಕೆಟ್ ಹಾರಿಸಿದರೂ ಈ ಕುರ್ಚಿ ಸಿಗದು. ಅಳಿಸಿದೆ. ಆಗ ಎರಡನೇ ಸಾಲಿನಿಂದ ಒಂದು ಕೈ ಮೇಲಕ್ಕೆದ್ದಿತು.

ನಮ್ಮ ತರಗತಿಯಲ್ಲಿ ಅಕ್ಕ ತಮ್ಮ ಇಬ್ಬರಿದ್ದಾರೆ. ಅಕ್ಕ ಹುಟ್ಟಿದ್ದು ಮೈಸೂರಿನಲ್ಲಿ, ಒಂದೂವರೆ ವರ್ಷಕ್ಕೆ ಇಲ್ಲಿಗೆ ಬಂದಳು. ತಮ್ಮ ಹುಟ್ಟಿದ್ದು ಹ್ಯೂಸ್ಟನ್ನಿನಲ್ಲಿ. “ಹಾಗಾದ್ರೆ ಇವನು ಆಗಬಹುದು, ನಾನು ಆಗೋ ಹಾಗಿಲ್ವಾ?” ಅಂದಳು. ನಾನು ಹೌದು ಅನ್ನುವಷ್ಟರಲ್ಲಿ, “ಇವನಿಗೆ ಒತ್ತಕ್ಷರವೇ ಬರಲ್ಲ ಟೀಚರ್! ‘ಅಧ್ಯಕ್ಷ’ ಅಂತ ಬರೆಯೋಕೂ ಬರಲ್ಲ!”

ಎಲ್ಲರೂ ನಕ್ಕರು. ನಾನೂ ನಕ್ಕು, “ತಮ್ಮ ಅಧ್ಯಕ್ಷನಾದರೆ ನಿನಗೆ ವೈಟ್‌ಹೌಸಿನಲ್ಲಿ ಒಂದು ರೂಮ್ ಕೊಟ್ಟಾನು ಬಿಡು” ಅಂದೆ. ವ್ಯಾಕರಣ ಸರಿಯಾಗಿತ್ತು, ಮಾತು ಸರಿಯಾಗಿರಲಿಲ್ಲ. ಅವಳು ಪೆನ್ಸಿಲ್ ಕೆಳಗಿಟ್ಟು ಸುಮ್ಮನಾದಳು. ಹತ್ತು ವರ್ಷ ಈ ಊರಿನಲ್ಲೇ ಬೆಳೆದು, ಬೆಳಿಗ್ಗೆ ಶಾಲೆಯಲ್ಲಿ ಎದೆ ಮೇಲೆ ಕೈಯಿಟ್ಟು ಬಾವುಟದ ಪ್ರತಿಜ್ಞೆ ಹೇಳುವ ಮಗುವಿಗೆ ಇದು ನಗುವ ವಿಷಯ ಅಲ್ಲ ಅಂತ ನನಗೆ ಹೊಳೆದದ್ದು ಮನೆಗೆ ಹೋಗುವ ದಾರಿಯಲ್ಲಿ. ನಮ್ಮ ಎಷ್ಟೋ ಮನೆಗಳಲ್ಲಿ ಒಂದೇ ಊಟದ ಮೇಜಿನ ಸುತ್ತ ಎರಡು ಬಣ್ಣದ ಪಾಸ್‌ಪೋರ್ಟ್ ಇವೆ. ದೊಡ್ಡ ಮಗುವಿಗೆ ಇಪ್ಪತ್ತೊಂದು ತುಂಬುವುದರೊಳಗೆ ಗ್ರೀನ್ ಕಾರ್ಡ್ ಬಂದೀತೇ ಅಂತ ಅಪ್ಪ ಅಮ್ಮ ರಾತ್ರಿ ಮಾತಾಡಿಕೊಳ್ಳುವುದು ಮಕ್ಕಳ ಕಿವಿಗೆ ಬೀಳುವುದಿಲ್ಲ ಅಂದುಕೊಂಡರೆ ಅದು ನಮ್ಮ ಭ್ರಮೆ.

ಮುಂದಿನ ವಾರ ಬೋರ್ಡಿನ ಮೇಲೆ ಮತ್ತೆ ಅದೇ ಷರತ್ತು ಬರೆದೆ. ಈ ಸಲ ಸರಿಯಾಗಿ ಓದೋಣ ಅಂದೆ.

ಸಂವಿಧಾನ ಬರೆದದ್ದು 1787ರಲ್ಲಿ, ಫಿಲಡೆಲ್ಫಿಯಾದಲ್ಲಿ. ಬ್ರಿಟನ್ನಿನ ರಾಜನಿಂದ ಬಿಡಿಸಿಕೊಂಡು ಕೆಲವೇ ವರ್ಷವಾಗಿತ್ತು. ಯುರೋಪಿನ ಯಾವನೋ ರಾಜಕುಮಾರ ಬಂದು ಸೇನೆಯ ಮುಖ್ಯಸ್ಥನಾಗಿಬಿಟ್ಟಾನು ಎಂಬ ಭಯ. (‘ಆಗಿಬಿಟ್ಟಾನು’, ನೋಡಿ! ಒಂದು ಇಡೀ ಷರತ್ತು ಹುಟ್ಟಿದ್ದೇ ಸಂಭಾವನಾರ್ಥಕದಿಂದ.) ಆ ಜುಲೈನಲ್ಲಿ ಜಾನ್ ಜೇ ಎಂಬವರು ಜಾರ್ಜ್ ವಾಷಿಂಗ್ಟನ್ನರಿಗೆ ಹೀಗೊಂದು ತಡೆ ಇರಲಿ ಎಂದು ಪತ್ರ ಬರೆದರು. ಸಂವಿಧಾನ ಜಾರಿಗೆ ಬಂದಾಗ ಪ್ರಜೆಗಳಾಗಿದ್ದವರಿಗೆ ಮಾತ್ರ ವಿನಾಯಿತಿ ಕೊಟ್ಟರು. ‘ಹ್ಯಾಮಿಲ್ಟನ್’ ನಾಟಕದ ಹಾಡು ಬಾಯಿಪಾಠ ಮಾಡಿರುವವರೇ, ಕೆರಿಬಿಯನ್ ದ್ವೀಪದಲ್ಲಿ ಹುಟ್ಟಿದ ಹ್ಯಾಮಿಲ್ಟನ್ ಅಧ್ಯಕ್ಷ ಆಗುವ ಹಾಗೇ ಇರಲಿಲ್ಲ ಅಂತ ಎಲ್ಲರೂ ಹೇಳುವುದು ತಪ್ಪು. ಅವರು ಆ ವಿನಾಯಿತಿಯೊಳಗೆ ಬರುತ್ತಿದ್ದರು.

ಇಲ್ಲಿ ಹುಟ್ಟಿದರೆ ಸಾಕೇ, ಅಪ್ಪ ಅಮ್ಮನೂ ಪ್ರಜೆಗಳಾಗಿರಬೇಕೇ ಎಂದು ಒಬ್ಬ ಕೇಳಿದ. ಬಾಬಿ ಜಿಂದಾಲ್ ಕಥೆ ಹೇಳಿದೆ. ಅವರ ತಂದೆ ತಾಯಿ ಪಂಜಾಬಿನಿಂದ ಲೂಯಿಸಿಯಾನಾಕ್ಕೆ ಬಂದದ್ದು 1971ರ ಆರಂಭದಲ್ಲಿ, ಬಾಬಿ ಹುಟ್ಟಿದ್ದು ಅದೇ ವರ್ಷ ಜೂನ್‌ನಲ್ಲಿ. ಬೆಳೆದು ಆ ರಾಜ್ಯದ ಗವರ್ನರ್ ಆದರು, 2016ರ ಅಧ್ಯಕ್ಷ ಚುನಾವಣೆಯ ಸ್ಪರ್ಧೆಗೂ ಇಳಿದರು. 2024ರಲ್ಲಿ ಸ್ಪರ್ಧಿಸಿದ ನಿಕ್ಕಿ ಹೇಲಿ ಮತ್ತು ವಿವೇಕ್ ರಾಮಸ್ವಾಮಿ ಕೂಡ ಭಾರತದಿಂದ ಬಂದವರಿಗೆ ಇಲ್ಲಿ ಹುಟ್ಟಿದ ಮಕ್ಕಳು. ಇದಕ್ಕೆ ಆಧಾರ 1868ರ 14ನೇ ತಿದ್ದುಪಡಿ, ಮತ್ತು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ತಂದೆ ತಾಯಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಎಂಬವರು 1898ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಮೊಕದ್ದಮೆ. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶ ಇದೇ ಪ್ರಶ್ನೆಯನ್ನು ಮತ್ತೆ ಕೋರ್ಟಿಗೆ ತಂದಿತು. ಆದರೆ ಆ ಆದೇಶ ಅದು ಬಂದ ಮೇಲೆ ಹುಟ್ಟುವ ಮಕ್ಕಳನ್ನು ಕುರಿತದ್ದು, ನಮ್ಮ ಬೆಂಚುಗಳ ಮೇಲೆ ಕೂತವರನ್ನಲ್ಲ.

ನಮ್ಮ ಟೆಡ್ ಕ್ರೂಝ್ ಅವರ ವಿಷಯ ಇನ್ನೂ ಸ್ವಾರಸ್ಯ. ಅವರು ಹುಟ್ಟಿದ್ದು ಕೆನಡಾದ ಕ್ಯಾಲ್ಗರಿಯಲ್ಲಿ, ಆದರೆ ತಾಯಿ ಅಮೆರಿಕದ ಪ್ರಜೆ. ಹುಟ್ಟುವಾಗಲೇ ಪ್ರಜೆಯಾದವರು ಎಲ್ಲಿ ಹುಟ್ಟಿದರೂ ನಿಲ್ಲಬಹುದು ಎಂದು ಹೆಚ್ಚಿನ ಕಾನೂನು ಪಂಡಿತರ ಅಭಿಪ್ರಾಯ, ಅವರು 2016ರಲ್ಲಿ ನಿಂತೇಬಿಟ್ಟರು. ಸುಪ್ರೀಂ ಕೋರ್ಟ್ ಮಾತ್ರ ಇದನ್ನು ತೀರ್ಮಾನಿಸಿಲ್ಲ. ಇದು ನಮಗೆ ಯಾಕೆ ಬೇಕು ಅಂದರೆ, ಅಮೆರಿಕದ ಪ್ರಜೆಗಳಾಗಿದ್ದೂ ಬಾಣಂತನಕ್ಕೆ ತವರಿಗೆ ಹೋದ ಅಮ್ಮಂದಿರು ನಮ್ಮಲ್ಲಿ ಇದ್ದಾರೆ. ಅವರ ಮಕ್ಕಳು ಹುಟ್ಟಿದ್ದು ಮೈಸೂರೋ ಶಿವಮೊಗ್ಗವೋ ಆದರೂ ಲೆಕ್ಕ ಕ್ರೂಝ್ ಅವರದ್ದೇ.

ಇಷ್ಟು ಹೇಳಿ ಅಕ್ಕನ ಕಡೆ ತಿರುಗಿ, ಅವಳಿಗೆ ಏನೇನು ದಾರಿ ಇದೆ ಅಂತ ಒಂದೊಂದೇ ಬರೆದೆ. ಪ್ರಜೆಯಾದ ಮೇಲೆ ಟೆಕ್ಸಾಸಿನ ಗವರ್ನರ್ ಆಗಬಹುದು, 30 ವರ್ಷವಾಗಿರಬೇಕು, ಐದು ವರ್ಷ ಇಲ್ಲಿ ವಾಸವಿರಬೇಕು, ಅಷ್ಟೆ. ಆಸ್ಟ್ರಿಯಾದಲ್ಲಿ ಹುಟ್ಟಿದ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದರು. ಏಳು ವರ್ಷ ಪ್ರಜೆಯಾಗಿದ್ದರೆ ಸಂಸತ್ತಿನ ಕೆಳಮನೆಗೆ, ಒಂಬತ್ತು ವರ್ಷವಾದರೆ ಸೆನೆಟ್‌ಗೆ ನಿಲ್ಲಬಹುದು. ಇದಕ್ಕೆ ನಮ್ಮ ನಾಡಿನದೇ ಉದಾಹರಣೆ ಇದೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ, ಮರಾಠಿ ಮನೆಮಾತಿನ ಶ್ರೀ ಥಾಣೇದಾರ್ 1979ರಲ್ಲಿ ಓದಲು ಈ ದೇಶಕ್ಕೆ ಬಂದರು. 2022ರಲ್ಲಿ ಮಿಶಿಗನ್ ರಾಜ್ಯದಿಂದ ಗೆದ್ದು ವಾಷಿಂಗ್ಟನ್ ಸೇರಿದರು.

ಭಾರತದ ದಾರಿಯನ್ನೂ ಬರೆದೆ. ಅಲ್ಲಿ ರಾಷ್ಟ್ರಪತಿಯಾಗಲು 35 ವರ್ಷವಾದ ಭಾರತದ ಪ್ರಜೆಯಾಗಿರಬೇಕು, ಹುಟ್ಟಿದ ಊರು ಯಾವುದು ಎಂದು ಸಂವಿಧಾನ ಕೇಳುವುದಿಲ್ಲ. ಈಗ ಅಕ್ಕನ ಕೈಲಿರುವುದು ಭಾರತದ ಪಾಸ್‌ಪೋರ್ಟ್. ಅದನ್ನು ಉಳಿಸಿಕೊಂಡರೆ ಅವಳು ಅಲ್ಲಿಯ ರಾಷ್ಟ್ರಪತಿ ಆದಾಳು, ತಮ್ಮ ಇಲ್ಲಿಯ ಅಧ್ಯಕ್ಷ ಆದಾನು. ಎರಡು ದೇಶದ ಪೌರತ್ವ ಒಟ್ಟಿಗೆ ಇಟ್ಟುಕೊಳ್ಳಲು ಭಾರತ ಬಿಡುವುದಿಲ್ಲ, ಆದ್ದರಿಂದ ಎರಡೂ ಒಬ್ಬರಿಗೇ ಆಗದು. ಕನ್ನಡಿಗರಿಗೆ ಅಲ್ಲಿ ಒಂದು ಬಾಕಿಯೂ ಇದೆ. ಈ ತನಕ ಯಾವ ಕನ್ನಡಿಗರೂ ಪೂರ್ಣ ರಾಷ್ಟ್ರಪತಿ ಆಗಿಲ್ಲ. ಜಮಖಂಡಿ ಹತ್ತಿರದ ಸಾವಳಗಿಯ ಬಿ.ಡಿ. ಜತ್ತಿ ಉಪರಾಷ್ಟ್ರಪತಿಯಾಗಿದ್ದಾಗ, ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು. 1977ರ ಫೆಬ್ರವರಿಯಿಂದ ಜುಲೈ ತನಕ ಜತ್ತಿಯವರು ಹಂಗಾಮಿ ರಾಷ್ಟ್ರಪತಿ. ಜಮಖಂಡಿ ಪುರಸಭೆಯಿಂದ ಹೊರಟವರು ಅಲ್ಲಿಗೆ ಮುಟ್ಟಿದ್ದರು.

ಅಕ್ಕ ಎಲ್ಲ ಕೇಳಿಸಿಕೊಂಡಳು. “ಇವೆಲ್ಲ ಸಮಾಧಾನಕರ ಬಹುಮಾನ ಟೀಚರ್” ಅಂದಳು. ಆ ಪದ ಅವಳಿಗೆ ಎಲ್ಲಿ ಸಿಕ್ಕಿತು ಗೊತ್ತೇ? ಹೋದ ವರ್ಷ ನಮ್ಮದೇ ಭಾಷಣ ಸ್ಪರ್ಧೆಯಲ್ಲಿ.

ಆಗ ನನಗೆ ಆಸ್ಟಿನ್‌ನ ಇನ್ನೊಂದು ಕಥೆ ನೆನಪಾಯಿತು. 1982ರಲ್ಲಿ ಅಲ್ಲಿಯ ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರೆಗರಿ ವಾಟ್ಸನ್ ಎಂಬ ವಿದ್ಯಾರ್ಥಿ ಒಂದು ಪ್ರಬಂಧ ಬರೆದ. ಸಂಸತ್ ಸದಸ್ಯರು ತಮ್ಮ ಸಂಬಳ ಬದಲಿಸಿದರೆ ಅದು ಮುಂದಿನ ಚುನಾವಣೆ ಆದ ಮೇಲೆಯೇ ಜಾರಿಗೆ ಬರಬೇಕು ಎಂಬ ತಿದ್ದುಪಡಿಯೊಂದನ್ನು ಜೇಮ್ಸ್ ಮ್ಯಾಡಿಸನ್ 1789ರಲ್ಲೇ ಮುಂದಿಟ್ಟಿದ್ದರು. ಸಾಕಷ್ಟು ರಾಜ್ಯಗಳು ಒಪ್ಪದೆ ಅದು ಮೂಲೆ ಸೇರಿತ್ತು. ಅದಕ್ಕೆ ಗಡುವು ಇಲ್ಲ, ಆದ್ದರಿಂದ ಅದಿನ್ನೂ ಬದುಕಿದೆ ಎಂಬುದು ವಾಟ್ಸನ್ ವಾದ. ಪ್ರಬಂಧಕ್ಕೆ ಸಿಕ್ಕ ಗ್ರೇಡ್ ‘ಸಿ’. ಅವನು ಬಿಡಲಿಲ್ಲ. ಒಂದೊಂದೇ ರಾಜ್ಯದ ಶಾಸಕರಿಗೆ ಪತ್ರ ಬರೆಯುತ್ತ ಕೂತ. ಹತ್ತು ವರ್ಷದಲ್ಲಿ ಬೇಕಾದಷ್ಟು ರಾಜ್ಯಗಳು ಒಪ್ಪಿ, 1992ರಲ್ಲಿ ಅದು 27ನೇ ತಿದ್ದುಪಡಿಯಾಯಿತು. 2017ರಲ್ಲಿ ವಿಶ್ವವಿದ್ಯಾಲಯ ಅವನ ಗ್ರೇಡನ್ನು ‘ಎ’ ಮಾಡಿತು. ಗ್ರೇಡ್ ಕೊಡುವ ನಮ್ಮಂಥವರು ಈ ಕಥೆಯನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಹುಟ್ಟಿನ ಷರತ್ತು ಬದಲಿಸಲೂ ಪ್ರಯತ್ನವಾಗಿದೆ. 2003ರಲ್ಲಿ ಸೆನೆಟರ್ ಆರಿನ್ ಹ್ಯಾಚ್, 20 ವರ್ಷ ಪ್ರಜೆಯಾಗಿದ್ದವರು ಎಲ್ಲಿ ಹುಟ್ಟಿದ್ದರೂ ಅಧ್ಯಕ್ಷರಾಗಲಿ ಎಂದು ತಿದ್ದುಪಡಿ ತಂದರು. ಅದು ಮುಂದಕ್ಕೆ ಹೋಗಲಿಲ್ಲ. ತಿದ್ದುಪಡಿ ಸುಲಭದ್ದಲ್ಲ, ಸಂಸತ್ತಿನ ಎರಡೂ ಮನೆಗಳಲ್ಲಿ ಮೂರರಲ್ಲಿ ಎರಡು ಭಾಗ ಒಪ್ಪಬೇಕು, ಆಮೇಲೆ 50ರಲ್ಲಿ 38 ರಾಜ್ಯ ಒಪ್ಪಬೇಕು. ಇದುವರೆಗೆ ಆಗಿರುವುದು 27. ಅಂಕಿಗಳನ್ನೆಲ್ಲ ಅಕ್ಕ ಪುಸ್ತಕದಲ್ಲಿ ಬರೆದುಕೊಂಡಳು. ಮೂವತ್ತೆಂಟರ ಸುತ್ತ ಒಂದು ವೃತ್ತ ಹಾಕಿದಳು.

ಅಂದಹಾಗೆ, ಊಹೆ ಮಾಡುವವರು ಟೆಕ್ಸಾಸಿನಲ್ಲಿ ಎಷ್ಟು ಸಲ ಮೋಸಹೋಗಿದ್ದಾರೆ ಅಂತ ಹೇಳದಿದ್ದರೆ ಪಾಠ ಪೂರ್ತಿಯಾಗದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುವ ಗಾದೆ ನಿಮಗೆ ಗೊತ್ತು. ಹ್ಯೂಸ್ಟನ್ನಿನ ವಿಮಾನ ನಿಲ್ದಾಣಕ್ಕೆ ಯಾರ ಹೆಸರಿದೆಯೋ ಆ ದೊಡ್ಡ ಬುಷ್ ಅವರನ್ನು 1991ರ ಮಾರ್ಚ್‌ನಲ್ಲಿ ನೂರಕ್ಕೆ 89 ಜನ ಮೆಚ್ಚಿದ್ದರು, ಮರುವರ್ಷ ಸೋತರು. ಅದೇ 1992ರ ಜೂನ್‌ನಲ್ಲಿ ಸಮೀಕ್ಷೆಗಳಲ್ಲಿ ಎಲ್ಲರಿಗಿಂತ ಮುಂದಿದ್ದವರು ಡಾಲಸ್‌ನ ರಾಸ್ ಪೆರೋ. ನವೆಂಬರ್‌ನಲ್ಲಿ ನೂರಕ್ಕೆ ಸುಮಾರು 19 ಜನ ಮತ ಕೊಟ್ಟರೂ ಒಂದು ರಾಜ್ಯವೂ ದಕ್ಕಲಿಲ್ಲ. ಮಾಜಿ ಗವರ್ನರ್ ಜಾನ್ ಕಾನಲಿ 1980ರಲ್ಲಿ ಸುಮಾರು 1 ಕೋಟಿ 10 ಲಕ್ಷ ಡಾಲರ್ ಖರ್ಚು ಮಾಡಿ ಪಕ್ಷದ ಒಬ್ಬರೇ ಒಬ್ಬ ಪ್ರತಿನಿಧಿಯನ್ನು ಗೆದ್ದುಕೊಂಡರು! ಲಿಂಡನ್ ಜಾನ್ಸನ್ 1968ರಲ್ಲಿ ಮತ್ತೆ ನಿಂತೇ ನಿಲ್ಲುತ್ತಾರೆ ಎಂದುಕೊಂಡವರು, ಮಾರ್ಚ್ 31ರ ರಾತ್ರಿ ಟೀವಿಯಲ್ಲಿ ಅವರೇ ನಿಲ್ಲುವುದಿಲ್ಲ ಅಂದಾಗ ಬೆಪ್ಪಾದರು. ನಮ್ಮ ಹಾಸನದ ದೇವೇಗೌಡರು 1996ರಲ್ಲಿ ಪ್ರಧಾನಿಯಾದಾರು ಎಂದು ಆ ವರ್ಷದ ಯುಗಾದಿಗೆ ಯಾರೂ ಹೇಳಿರಲಿಲ್ಲ. ಜೂನ್ 1ಕ್ಕೆ ಪ್ರಮಾಣವಚನ ಆಗಿತ್ತು. ಆಗ ಊರಿನಲ್ಲಿ ಏನು ಮಾತಾಡಿಕೊಂಡರು ಅಂತ ಅಜ್ಜ ಅಜ್ಜಿಯನ್ನು ಕೇಳಿ.

ಈಗ ಮನೆಗೆಲಸ. ಟೆಕ್ಸಾಸಿನಲ್ಲಿ ಅಧ್ಯಕ್ಷರ ಹೆಸರಿನ ಮೂರು ಗ್ರಂಥಾಲಯಗಳಿವೆ, ಪುಸ್ತಕಕ್ಕಿಂತ ವಸ್ತುಸಂಗ್ರಹಾಲಯವೇ ದೊಡ್ಡದು. ಆಸ್ಟಿನ್‌ನವರು ಜಾನ್ಸನ್ ಗ್ರಂಥಾಲಯಕ್ಕೆ ಹೋಗಿ, ಡಾಲಸ್‌ನವರು ಎಸ್‌ಎಂಯು ಆವರಣದಲ್ಲಿರುವ ಚಿಕ್ಕ ಬುಷ್ ಅವರದಕ್ಕೆ, ಹ್ಯೂಸ್ಟನ್ನಿನವರು ಕಾಲೇಜ್ ಸ್ಟೇಷನ್‌ನ ದೊಡ್ಡ ಬುಷ್ ಅವರದಕ್ಕೆ. ಅಪ್ಪ ಅಮ್ಮಂದಿರೇ, ಜಾನ್ಸನ್ ಬಗ್ಗೆ ಎರಡು ಮಾತು ಮಕ್ಕಳಿಗೆ ಹೇಳಿ. ಅವರು ದಕ್ಷಿಣ ಟೆಕ್ಸಾಸಿನ ಕೊಟುಲ್ಲಾದಲ್ಲಿ ಮೆಕ್ಸಿಕೋ ಮೂಲದ ಬಡ ಮಕ್ಕಳಿಗೆ ಪಾಠ ಹೇಳಿದ ಮೇಷ್ಟ್ರು. 1965ರ ಅಕ್ಟೋಬರ್ 3ರಂದು ವಲಸೆ ಕಾನೂನಿಗೆ ಸಹಿ ಹಾಕಿದವರೂ ಅವರೇ. ಅದಕ್ಕೂ ಮೊದಲು ಭಾರತಕ್ಕೆ ಇದ್ದ ವಲಸೆಯ ಪಾಲು ವರ್ಷಕ್ಕೆ ನೂರು ಜನ. ನಮ್ಮ ಸಂಘ, ಶಾಲೆ, ಈ ಪತ್ರಿಕೆ ಎಲ್ಲ ಆ ಸಹಿಯ ಆಚೆ ಈಚೆ ಬಂದವರಿಂದ ಆದದ್ದು.

ನೋಡಿ ಬಂದ ಮೇಲೆ ಮುಂದಿನ ಅಧ್ಯಕ್ಷರ ಬಗ್ಗೆ ಮೂರು ವಾಕ್ಯ ಬರೆಯಿರಿ. ಮೂರೂ ಸಂಭಾವನಾರ್ಥಕದಲ್ಲೇ ಇರಬೇಕು, ‘ಬಹುದು’ ಹಾಕಿ ತಪ್ಪಿಸಿಕೊಳ್ಳುವಂತಿಲ್ಲ. ನಮ್ಮ ತರಗತಿಯವರು ಆಗಲೇ ಬರೆದು ಕೊಟ್ಟಿದ್ದಾರೆ. ಅಕ್ಕನ ಹಾಳೆಯಲ್ಲಿ ಹೀಗಿತ್ತು:

‘ತಿದ್ದುಪಡಿ ಆದೀತು. 2052ರಲ್ಲಿ ನನ್ನ ತಮ್ಮ ನಿಂತಾನು. ನಾನು ಅವನ ಎದುರು ನಿಂತೇನು.’

ಅದರ ಕೆಳಗೆ ಜಾಗ ಉಳಿದಿತ್ತು. ತಮ್ಮ ತನ್ನ ಹಾಳೆ ಮನೆಯಲ್ಲಿ ಮರೆತು ಬಂದಿದ್ದರಿಂದ ಅಲ್ಲೇ ಬರೆದಿದ್ದ, ಒಂದೇ ವಾಕ್ಯ: ‘ಅಕ ಗೆದಾಳು.’

ಎರಡು ಒತ್ತಕ್ಷರ ಬಿಟ್ಟಿದ್ದ. ಕೆಂಪು ಪೆನ್ನಿನಲ್ಲಿ ಹಾಕಿ ವಾಪಸ್ ಕೊಟ್ಟೆ.